ಓದುಗರ ಪ್ರಶ್ನೆ, ನಮ್ಮ ಉತ್ತರ: ಗೇಟಿನ ಮುಂದೆ ನಿಲ್ಲುವ ಲಾರಿಗಳೂ ಕೃತಕ ಬುದ್ಧಿಮತ್ತೆಯೂ

ಲೋಡಿಂಗ್‌ಗೋ ಅನ್‌ಲೋಡಿಂಗ್‌ಗೋ ಹೋದ ಲಾರಿಗಳು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಿಲ್ಲಬೇಕಾಗುತ್ತದೆ. ಈ ತೊಂದರೆಯನ್ನು ಕೃತಕ ಬುದ್ಧಿಮತ್ತೆಯಿಂದ ಕಡಿಮೆ ಮಾಡಬಹುದೇ ಎಂಬ ವಿಷಯವಾಗಿ ಪ್ರಶ್ನೆಗಳನ್ನು ಕಳಿಸುವಂತೆ ಓದುಗರನ್ನು ಕೋರಿದ್ದೆವು. ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಆಯ್ದುಕೊಂಡಿದ್ದೇವೆ. ಒಂದೇ ವಿಷಯದ ಪತ್ರಗಳನ್ನು ಕೂಡಿಸಿ ಉತ್ತರಿಸಲಾಗಿದೆ. ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಿಂದ ಪುಣೆ ಮತ್ತು ಬೆಂಗಳೂರಿನ ಕಡೆಗೆ ಫೌಂಡ್ರಿ ಮಾಲು ಸಾಗಿಸುವ ಮೂರು ಲಾರಿಗಳ ಮಾಲೀಕ ನಾನು. ರಾತ್ರಿಯೆಲ್ಲ ಓಡಿಸಿಕೊಂಡು ಬೆಳಗ್ಗೆ ಮುಟ್ಟಿದರೂ ಮಾಲು ಇಳಿಯುವುದು ಸಂಜೆಗೆ ಅಥವಾ ಮರುದಿನಕ್ಕೆ. ಮಾಲು ಇಳಿಸಿಕೊಳ್ಳುವ ಒಂದು ಕಾರ್ಖಾನೆಯವರು, ‘ಎಐ ಸಾಫ್ಟ್‌ವೇರ್ ಹಾಕಿಸುತ್ತಿದ್ದೇವೆ, ಇನ್ನು ಮುಂದೆ ನೀವು ಕಾಯಬೇಕಾಗಿಲ್ಲ’ ಎನ್ನುತ್ತಿದ್ದಾರೆ. ನಂಬಬಹುದೇ?

ಉತ್ತರ: ಸ್ವಲ್ಪಮಟ್ಟಿಗೆ ನಂಬಬಹುದು. ಎಷ್ಟು ಎಂಬುದನ್ನು ತಿಳಿಯಲು ಪಾಳಿ, ಅಂದರೆ ಸರದಿಯ ಸಾಲು, ಏಕೆ ಬೆಳೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕಾರ್ಖಾನೆಯಲ್ಲಿ ಜನ ಸಾಲದು, ಜಾಗ ಸಾಲದು, ಆದ್ದರಿಂದ ಲಾರಿಗಳು ನಿಲ್ಲುತ್ತವೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ದಿನದ ಎಲ್ಲ ಲಾರಿಗಳನ್ನೂ ಇಳಿಸಲು ಸಾಕಾಗುವಷ್ಟು ಜನರೂ ಜಾಗವೂ ಇರುವ ಕಡೆಯಲ್ಲಿಯೂ ಪಾಳಿ ಉದ್ದವಾಗುತ್ತದೆ. ಮಾಲು ಇಳಿಸುವ ಒಂದು ಕಟ್ಟೆಯಲ್ಲಿ ಒಂದು ಲಾರಿಗೆ ಸರಾಸರಿ ಅರ್ಧ ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಲಾರಿಗಳು ಬರುವ ವೇಳೆಗೂ, ಒಂದೊಂದಕ್ಕೆ ಹಿಡಿಯುವ ವೇಳೆಗೂ ಯಾವ ಕ್ರಮವೂ ಇಲ್ಲದಿದ್ದರೆ, ಆ ಕಟ್ಟೆ ಶೇ. 80ರಷ್ಟು ಹೊತ್ತು ಕೆಲಸದಲ್ಲಿದ್ದಾಗ ಪಾಳಿಯಲ್ಲಿ ಕಾಯುವ ಸರಾಸರಿ ವೇಳೆ 2 ಗಂಟೆಯಾಗುತ್ತದೆ. ಕೆಲಸ ಶೇ. 90ಕ್ಕೆ ಏರಿದರೆ ಅದು ನಾಲ್ಕೂವರೆ ಗಂಟೆ, ಶೇ. 95ಕ್ಕೆ ಏರಿದರೆ ಒಂಬತ್ತೂವರೆ ಗಂಟೆ. ಕಟ್ಟೆಯ ಕೆಲಸ ನೂರರಲ್ಲಿ ಹದಿನೈದು ಪಾಲು ಹೆಚ್ಚಿದ್ದಕ್ಕೆ ನಿಮ್ಮ ಡ್ರೈವರ್ ಕಾಯುವ ಹೊತ್ತು ಐದು ಪಟ್ಟಿನ ಸಮೀಪಕ್ಕೆ ಹೋಯಿತು. ಟೆಲಿಫೋನ್ ವಿನಿಮಯ ಕೇಂದ್ರಕ್ಕೆ ಬರುವ ಕರೆಗಳ ಸಾಲನ್ನು ಲೆಕ್ಕ ಹಾಕಲು ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ 1909ರಲ್ಲಿ ಆರಂಭಿಸಿದ ಗಣಿತದಿಂದ ಬೆಳೆದು ಬಂದ ಲೆಕ್ಕ ಇದು. ಲಾರಿಗೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಕಟ್ಟೆಯನ್ನು ಒಂದು ನಿಮಿಷವೂ ಖಾಲಿ ಬಿಡಬಾರದೆಂದು ಹಟ ಹಿಡಿಯುವ ಕಾರ್ಖಾನೆ, ತಾನು ಉಳಿಸಿದ ವೇಳೆಯನ್ನು ಹೊರಗೆ ನಿಂತವರಿಂದ ವಸೂಲು ಮಾಡುತ್ತಿರುತ್ತದೆ.

ಇದೇ ಲೆಕ್ಕದಲ್ಲಿ ಪರಿಹಾರದ ದಾರಿಯೂ ಇದೆ. ಪ್ರತಿ ಲಾರಿಗೂ ಸರಿಯಾಗಿ ಅರ್ಧ ಗಂಟೆಯೇ ಹಿಡಿಯುವಂತಾದರೆ, ಬೇರೇನನ್ನೂ ಬದಲಿಸದೆ ಕಾಯುವ ವೇಳೆ ಅರ್ಧಕ್ಕೆ ಇಳಿಯುತ್ತದೆ. ಲಾರಿಗಳು ಬರುವುದೂ ಒಂದು ಕ್ರಮಕ್ಕೆ ಬಂದರೆ ಅದಕ್ಕಿಂತಲೂ ಬಹಳ ಕೆಳಗೆ ಇಳಿಯುತ್ತದೆ. ಕೃತಕ ಬುದ್ಧಿಮತ್ತೆಗೆ ಇಲ್ಲಿರುವ ಕೆಲಸವೆಂದರೆ ಈ ಏರುಪೇರನ್ನು ಮುಂಚಿತವಾಗಿ ಊಹಿಸಿ ಕಡಿಮೆ ಮಾಡುವುದು. ಹಳೆಯ ಟ್ರಿಪ್ಪುಗಳ ಜಿಪಿಎಸ್ ದಾಖಲೆಯನ್ನು ಓದಿ, ಈ ಲಾರಿ ಎಷ್ಟು ಹೊತ್ತಿಗೆ ಮುಟ್ಟೀತು ಎಂದು ಅದು ಹೇಳಬಲ್ಲದು. ಮಾಲಿನ ಬಗೆ, ಗಾಡಿಯ ಉದ್ದ, ಶಿಫ್ಟ್, ಆ ದಿನ ಬಂದಿರುವ ಹಮಾಲರ ಸಂಖ್ಯೆ ಇವುಗಳನ್ನು ನೋಡಿ ಇಳಿಸಲು ಎಷ್ಟು ಹೊತ್ತು ಹಿಡಿದೀತು ಎಂದು ಅಂದಾಜಿಸಬಲ್ಲದು. ಗೇಟಿನ ಕ್ಯಾಮೆರಾ ನಂಬರ್ ಪ್ಲೇಟನ್ನು ಓದಿಕೊಳ್ಳಬಲ್ಲದು. ಇನ್ವಾಯ್ಸ್, ಬಿಲ್ಟಿ (ಮಾಲು ಸಾಗಿಸುವ ರಸೀದಿ) ಮತ್ತು ಇ-ವೇ ಬಿಲ್ಲಿನ (ಸರಕು ಸಾಗಿಸಲು ಜಿಎಸ್‌ಟಿಯಡಿ ಬೇಕಾಗುವ ಆನ್‌ಲೈನ್ ದಾಖಲೆ) ವಿವರಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಲಾರಿ ದಾರಿಯಲ್ಲಿರುವಾಗಲೇ ಪರೀಕ್ಷಿಸಬಲ್ಲದು. ಈ ಕೊನೆಯದನ್ನು ಸಣ್ಣದೆಂದು ತಿಳಿಯಬೇಡಿ. ಗಾಡಿಯ ನಂಬರಿನಲ್ಲಿ ಒಂದಂಕಿ ತಪ್ಪಿದ್ದಕ್ಕೆ ಲಾರಿ ಗೇಟಿನಲ್ಲೇ ನಿಂತು, ಕಳಿಸಿದವರ ಆಫೀಸು ತೆರೆಯುವವರೆಗೆ ಕಾದ ಅನುಭವ ಯಾವ ಟ್ರಾನ್ಸ್‌ಪೋರ್ಟಿನವರಿಗೆ ಇಲ್ಲ?

ಆದ್ದರಿಂದ ಆ ಕಾರ್ಖಾನೆಯವರನ್ನು ನೀವು ಕೇಳಬೇಕಾದ ಮಾತುಗಳಿವೆ. ನಮಗೆ ಕೊಟ್ಟ ವೇಳೆಗೆ ನಾವು ಬಂದರೆ ನೀವು ಒಳಗೆ ಬಿಡುತ್ತೀರಾ? ಬಿಡದಿದ್ದರೆ ಎಷ್ಟನೆಯ ಗಂಟೆಯಿಂದ ಹಾಲ್ಟಿಂಗ್ (ಲಾರಿಯನ್ನು ಕಾಯಿಸಿದ್ದಕ್ಕೆ ಕೊಡುವ ಹಣ) ಕೊಡುತ್ತೀರಿ? ಗಡಿಯಾರ ಎಲ್ಲಿಂದ ಆರಂಭವಾಗುತ್ತದೆ? ಇವಕ್ಕೆ ಉತ್ತರವಿಲ್ಲದ ಸಾಫ್ಟ್‌ವೇರ್ ಪಾಳಿಯನ್ನು ಪರದೆಯ ಮೇಲೆ ಚೆನ್ನಾಗಿ ತೋರಿಸಬಹುದು, ಕರಗಿಸಲಾರದು. ರೈಲ್ವೆಯಲ್ಲಿ ವ್ಯಾಗನ್ ಖಾಲಿ ಮಾಡಲು ಕೊಟ್ಟ ಉಚಿತ ವೇಳೆ ಮುಗಿದ ಕೂಡಲೇ ಗಂಟೆಯ ಲೆಕ್ಕದಲ್ಲಿ ಡೆಮರೇಜ್ ಎಂಬ ತಡದ ಶುಲ್ಕ ಬೀಳುತ್ತದೆ, ಹೀಗಾಗಿ ಗೂಡ್ಸ್‌ಶೆಡ್ಡಿನಲ್ಲಿ ರಾತ್ರಿಯೂ ಹಮಾಲರು ಸಿದ್ಧರಿರುತ್ತಾರೆ. ಲಾರಿಯನ್ನು ನಿಲ್ಲಿಸಿಕೊಂಡರೆ ನಿಲ್ಲಿಸಿಕೊಂಡವರಿಗೆ ಬಹುಮಟ್ಟಿಗೆ ಏನೂ ಖರ್ಚಿಲ್ಲ. ಲಾರಿಗಳು ಕಾಯುವುದಕ್ಕೆ ಇದು ಎಲ್ಲಕ್ಕಿಂತ ದೊಡ್ಡ ಕಾರಣವೆಂದೇ ನನ್ನ ಅಭಿಪ್ರಾಯ.

ಇದು ಬರೀ ಹಣದ ಮಾತೂ ಅಲ್ಲ. ಅಮೆರಿಕದ ಸಾರಿಗೆ ಇಲಾಖೆಯ ತನಿಖಾ ವಿಭಾಗವು 2018ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, ಲೋಡಿಂಗ್ ಜಾಗದಲ್ಲಿ ಕಳೆಯುವ ಸರಾಸರಿ ವೇಳೆ 15 ನಿಮಿಷ ಹೆಚ್ಚಿದರೆ ಅಪಘಾತದ ಸಂಭವ ಶೇ. 6.2ರಷ್ಟು ಹೆಚ್ಚುತ್ತದೆ. ನಮ್ಮ ರಾಷ್ಟ್ರೀಯ ಹೆದ್ದಾರಿ 48ರ ಡ್ರೈವರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲೆಲ್ಲ ಗೇಟಿನ ಮುಂದೆ ನಿದ್ದೆಯಿಲ್ಲದೆ ಕುಳಿತವರೇ ಕಳೆದ ವೇಳೆಯನ್ನು ತುಂಬಿಕೊಳ್ಳಲು ರಾತ್ರಿ ಗಾಡಿ ಓಡಿಸುತ್ತಾರೆ.

ಪ್ರಶ್ನೆ: ನಮ್ಮ ಲಾರಿ ಬೆಳಗ್ಗೆ 7ಕ್ಕೆ ಮುಟ್ಟಿದ್ದರೂ ಕಾರ್ಖಾನೆಯ ರಿಜಿಸ್ಟರಿನಲ್ಲಿ ಮಧ್ಯಾಹ್ನ 2 ಗಂಟೆ ಎಂದಿರುತ್ತದೆ. ಹಾಲ್ಟಿಂಗ್ ಕೇಳಿದರೆ ಅದೇ ರಿಜಿಸ್ಟರನ್ನು ತೋರಿಸುತ್ತಾರೆ. ಇದಕ್ಕೇನು ಉಪಾಯ? (ಹೊನಗಾ, ಬೆಳಗಾವಿ)

ಉತ್ತರ: ನೀವು ಕೇಳಿರುವುದು ಈ ವಿಷಯದ ಬೇರನ್ನೇ ಮುಟ್ಟುತ್ತದೆ. ಬಹಳಷ್ಟು ಗೇಟುಗಳಲ್ಲಿ ‘ಬಂದ ವೇಳೆ’ ಎಂಬ ಅಂಕಣವನ್ನು ವಾಚ್‌ಮನ್ ತುಂಬುವುದು ಲಾರಿ ಬಂದಾಗಲ್ಲ, ಗೇಟ್‌ಪಾಸ್ ಹರಿದುಕೊಟ್ಟು ಒಳಗೆ ಬಿಡುವಾಗ. ಅದಕ್ಕೂ ಮುಂಚೆ ಡ್ರೈವರ್ ಬಿಲ್ಟಿಯನ್ನು ಕಿಟಕಿಯೊಳಗೆ ಕೊಟ್ಟಿರುತ್ತಾನೆ, ಅದು ಕಾಗದಗಳ ಅಟ್ಟಿಯ ಅಡಿಯಲ್ಲಿ ಬಿದ್ದಿರುತ್ತದೆ, ಲಾರಿ ರಸ್ತೆಯ ಬದಿಗೆ ನಿಂತಿರುತ್ತದೆ. ಆ ಏಳು ಗಂಟೆಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಇಂಥ ರಿಜಿಸ್ಟರನ್ನೇ ಕಂಪ್ಯೂಟರಿಗೆ ಉಣಿಸಿ ಕಲಿಸಿದರೆ, ಈ ಕಾರ್ಖಾನೆಯಲ್ಲಿ ಯಾರೂ ಕಾಯುವುದೇ ಇಲ್ಲ ಎಂದು ಅದು ಪ್ರಾಮಾಣಿಕವಾಗಿ ಉತ್ತರ ಕೊಡುತ್ತದೆ.

ನೀವು ಮಾಡಬೇಕಾದುದು ಇಷ್ಟು. ಪ್ರತಿ ಟ್ರಿಪ್ಪಿಗೆ ನಾಲ್ಕು ವೇಳೆಗಳನ್ನು ಬರೆದಿಡಿ: ಗೇಟಿನ ಹೊರಗೆ ಮುಟ್ಟಿದ್ದು, ಒಳಗೆ ಹೋದದ್ದು, ಮಾಲು ತುಂಬಿ ಅಥವಾ ಇಳಿದು ಮುಗಿದದ್ದು, ಕಾಗದಪತ್ರ ಕೈಗೆ ಬಂದದ್ದು. ಗಾಡಿಯಲ್ಲಿ ಜಿಪಿಎಸ್ ಇದ್ದರೆ ಗೇಟಿನ ಸುತ್ತಲ ಜಾಗಕ್ಕೆ ನಕ್ಷೆಯ ಮೇಲೆ ಒಂದು ಗಡಿ ಹಾಕಿಕೊಳ್ಳಬಹುದು, ಅದನ್ನು ದಾಟಿದ ವೇಳೆ ತಾನಾಗಿಯೇ ದಾಖಲಾಗುತ್ತದೆ. ಆ ಗಡಿ ಹೊರಗಿನ ಪಾಳಿಯನ್ನೂ ಒಳಗೊಂಡಿರಲಿ, ಕಾಂಪೌಂಡಿನಷ್ಟಕ್ಕೇ ನಿಲ್ಲದಿರಲಿ. ಜಿಪಿಎಸ್ ಇಲ್ಲದಿದ್ದರೆ ಡ್ರೈವರ್ ಗೇಟಿನ ಬೋರ್ಡ್ ಕಾಣುವಂತೆ ಒಂದು ಫೋಟೊ ತೆಗೆದು ಕೂಡಲೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೂ ವೇಳೆ ಉಳಿಯುತ್ತದೆ. ಹಾಲ್ಟಿಂಗ್ ದರವೂ ಉಚಿತ ಗಂಟೆಗಳೂ ನಿಮ್ಮ ಮತ್ತು ಮಾಲಿನವರ ನಡುವಿನ ಒಪ್ಪಂದದ ವಿಷಯವಾದುದರಿಂದ, ಬಾಡಿಗೆ ಕುದುರಿಸುವಾಗಲೇ ಅವನ್ನು ಬರವಣಿಗೆಯಲ್ಲಿ ಪಡೆಯಿರಿ. ಜಿಪಿಎಸ್ ವೇಳೆಯನ್ನು ಇಬ್ಬರೂ ಒಪ್ಪುವುದಾಗಿ ಒಂದು ಸಾಲು ಸೇರಿಸಿ. ನಾಲ್ಕು ವೇಳೆಗಳ ದಾಖಲೆ ಕೆಲವು ತಿಂಗಳು ಕೂಡಿತೆಂದರೆ ಮತ್ತೊಂದು ಸಂಗತಿ ನಿಮಗೆ ಕಾಣುತ್ತದೆ. ಅನೇಕ ಕಡೆ ದೊಡ್ಡ ಕಾಯುವಿಕೆ ಲೋಡಿಂಗ್‌ಗೆ ಮುಂಚೆ ಇರುವುದಿಲ್ಲ, ಲೋಡಾದ ಮೇಲೆ ಬಿಲ್ಲಿಗಾಗಿ ಇರುತ್ತದೆ.

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ಒಂದು ಸಿಮೆಂಟ್ ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮೊಬೈಲಿನಲ್ಲಿ ಸ್ಲಾಟ್ (ಲೋಡಿಂಗ್‌ಗೆ ಗೊತ್ತುಮಾಡಿದ ವೇಳೆ) ಕೊಡುವ ವ್ಯವಸ್ಥೆ ತಂದಿದ್ದೇವೆ, ಆದರೆ ಲಾರಿಯವರು ಸ್ಲಾಟಿಗೆ ಮುಂಚೆಯೇ ಬಂದು ಯಾರ್ಡು ತುಂಬಿಸುತ್ತಾರೆ. ಎಲ್ಲರೂ ನಮ್ಮನ್ನೇ ದೂರುತ್ತಾರೆ.

ಉತ್ತರ: ಮುಂಚೆ ಬಂದವರಿಗೆ ಮುಂಚೆ ಲೋಡ್ ಸಿಗುವವರೆಗೂ ಅವರು ಮುಂಚೆಯೇ ಬರುತ್ತಾರೆ, ಅದು ಅವರ ದೃಷ್ಟಿಯಿಂದ ತಪ್ಪೂ ಅಲ್ಲ. 11 ಗಂಟೆಯ ಸ್ಲಾಟಿನವನು 11ಕ್ಕೆ ಬಂದರೆ ಅವನ ಮುಂದೆ ಬೆಳಗಿನಿಂದ ನಿಂತ ಗಾಡಿಗಳಿರುತ್ತವೆ ಎಂಬುದನ್ನು ಅವನು ಒಂದೆರಡು ಸಲಕ್ಕೇ ಕಲಿತುಬಿಡುತ್ತಾನೆ. ಸ್ಲಾಟಿನ ವೇಳೆಯನ್ನು ನೀವು ಪಾಲಿಸುತ್ತೀರಿ ಎಂಬ ನಂಬಿಕೆ ಹುಟ್ಟಿದ ಮೇಲೆಯೇ ಅವರು ಪಾಲಿಸಲು ಆರಂಭಿಸುವುದು. ತಡವಾಗಿ ಬರುವವರಿಗಾಗಿ ಪ್ರತಿ ಶಿಫ್ಟಿನಲ್ಲಿ ಒಂದೆರಡು ಸ್ಲಾಟುಗಳನ್ನು ಖಾಲಿ ಇಡಿ.

ಇದಾದ ಮೇಲೆ ಕೃತಕ ಬುದ್ಧಿಮತ್ತೆಯ ಮಾತು. ನಿಮಗೆ ಬೇಕಾದುದು ಲಾರಿ ಮುಟ್ಟುವ ಒಂದೇ ವೇಳೆಯ ಊಹೆಯಲ್ಲ, ವೇಳೆಯ ಹರವು. ‘ಈ ಲಾರಿ 10.40ಕ್ಕೆ ಬರುತ್ತದೆ’ ಎಂಬುದಕ್ಕಿಂತ ‘ಹತ್ತರಲ್ಲಿ ಎಂಟು ಸಲ 10ರಿಂದ 12ರ ಒಳಗೆ ಬರುತ್ತದೆ’ ಎಂಬ ಮಾತು ಪ್ಯಾಕಿಂಗ್ ಯಂತ್ರಕ್ಕೆ ಜನರನ್ನು ಹೊಂದಿಸುವವರಿಗೆ ಹೆಚ್ಚು ಉಪಯೋಗದ್ದು. ಲಾರಿ ಹೊರಟ ಜಾಗ, ಹಿಂದಿನ ಅನ್‌ಲೋಡಿಂಗ್ ಮುಗಿದ ವೇಳೆ, ವಾರದ ದಿನ, ಜಾತ್ರೆ ಮತ್ತು ಸಂತೆಯ ದಿನಗಳು, ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬುವ ಟ್ರ್ಯಾಕ್ಟರುಗಳು ಇವೆಲ್ಲವೂ ಅದಕ್ಕೆ ಬೇಕಾಗುವ ಮಾಹಿತಿ. ಕೇಂದ್ರ ಸರ್ಕಾರವು 2022ರ ಸೆಪ್ಟೆಂಬರ್ 17ರಂದು ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯ ಜೊತೆಗೆ ಆರಂಭಿಸಿದ ಯೂಲಿಪ್ ಎಂಬ ಏಕೀಕೃತ ವೇದಿಕೆಯ ಮೂಲಕ ವಾಹನ ನೋಂದಣಿ, ಚಾಲನಾ ಪರವಾನಗಿ, ಫಾಸ್ಟ್ಯಾಗ್ ಮುಂತಾದ ಮಾಹಿತಿಯನ್ನು ಅನುಮತಿ ಪಡೆದು ಬಳಸಿಕೊಳ್ಳಲು ಅವಕಾಶವಿದೆ. ಲಾರಿ ಯಾವ ಟೋಲ್ ಗೇಟನ್ನು ಯಾವಾಗ ದಾಟಿತು ಎಂಬುದು ತಿಳಿದರೆ ಜಿಪಿಎಸ್ ಇಲ್ಲದ ಗಾಡಿಯ ಬಗ್ಗೆಯೂ ಒಳ್ಳೆಯ ಅಂದಾಜು ಸಿಗುತ್ತದೆ. ಇದನ್ನು ಮುಖ್ಯವಾಗಿ ಹೇಳುತ್ತಿದ್ದೇನೆ, ಏಕೆಂದರೆ ಜಿಪಿಎಸ್ ಇರುವ ದೊಡ್ಡ ಕಂಪನಿಗಳ ಗಾಡಿಗಳಿಗಷ್ಟೇ ಒಳ್ಳೆಯ ಸ್ಲಾಟು ಕೊಡುವ ಪದ್ಧತಿ ಒಂದೇ ಲಾರಿ ಇಟ್ಟುಕೊಂಡು ಬದುಕುವವನನ್ನು ಪಾಳಿಯ ಕೊನೆಗೆ ತಳ್ಳುತ್ತದೆ.

ತಿಂಗಳ ಕೊನೆಯ ನೂಕುನುಗ್ಗಲನ್ನು ಮಾತ್ರ ಯಾವ ಯಂತ್ರವೂ ಸರಿಪಡಿಸಲಾರದು. ಮಾರಾಟ ವಿಭಾಗವು ತನ್ನ ಗುರಿ ಮುಟ್ಟಲು ಕೊನೆಯ ನಾಲ್ಕು ದಿನಗಳಲ್ಲಿ ಆರ್ಡರುಗಳನ್ನು ಸುರಿಯುತ್ತಿದ್ದರೆ, ಆ ವಿಷಯವನ್ನು ನಿಮ್ಮ ಮೇಲಧಿಕಾರಿಗಳ ಸಭೆಯಲ್ಲಿ ಎತ್ತಬೇಕು.

ಪ್ರಶ್ನೆ: ಮುಧೋಳದ ಕಡೆಯ ಟ್ರ್ಯಾಕ್ಟರ್ ಮಾಲೀಕ ನಾನು. ಕಬ್ಬು ತುಂಬಿದ ಡಬ್ಬಿಗಳನ್ನು (ಟ್ರೇಲರುಗಳನ್ನು) ತೆಗೆದುಕೊಂಡು ಹೋದರೆ ಕಾರ್ಖಾನೆಯ ಯಾರ್ಡಿನಲ್ಲಿ ಎರಡು ದಿನವಾದರೂ ಗಾಡಿ ತೂಗುವ ಕಾಟಾಕ್ಕೆ ಪಾಳಿ ಬರುವುದಿಲ್ಲ. ಕಬ್ಬು ಒಣಗುತ್ತದೆ, ತೂಕ ಕಡಿಮೆಯಾಗುತ್ತದೆ. ಲಾರಿಗಳಿಗೆ ಬಂದ ವಿದ್ಯೆ ನಮಗೂ ಬರುತ್ತದೆಯೇ?

ಉತ್ತರ: ಬರಬೇಕು, ನಿಮಗೇ ಮೊದಲು ಬರಬೇಕು. ಫೌಂಡ್ರಿಯ ಎರಕದ ಮಾಲು ಒಂದು ದಿನ ನಿಂತರೆ ಕೆಡುವುದಿಲ್ಲ. ಕಬ್ಬು ಕಡಿದ ಗಳಿಗೆಯಿಂದಲೇ ನೀರು ಕಳೆದುಕೊಳ್ಳುತ್ತದೆ, ಅದರೊಳಗಿನ ಸಕ್ಕರೆ ಒಡೆಯಲು ತೊಡಗುತ್ತದೆ. 24 ಗಂಟೆಯೊಳಗೆ ನುರಿಸಬೇಕೆಂದು ತಜ್ಞರು ಹೇಳುವುದು ಇದಕ್ಕಾಗಿ. ತೂಕದ ನಷ್ಟ ರೈತನದು, ಇಳುವರಿಯ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ನಷ್ಟ ಕಾರ್ಖಾನೆಯದು. ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡುವ ಎಫ್‌ಆರ್‌ಪಿ ದರವನ್ನು ಇಳುವರಿಗೆ ಕಟ್ಟಿರುವುದರಿಂದ (2025-26ರ ಹಂಗಾಮಿಗೆ ಶೇ. 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ) ಯಾರ್ಡಿನಲ್ಲಿ ಕಳೆದ ಸಕ್ಕರೆಯ ಪೆಟ್ಟು ಸುತ್ತಿ ಬಂದು ರೈತನಿಗೂ ತಗಲುತ್ತದೆ.

ಇಲ್ಲಿಯ ತೊಡಕು ಯಾರ್ಡಿನಲ್ಲಿ ಕಂಡರೂ ಹುಟ್ಟುವುದು ಹೊಲದಲ್ಲಿ. ಕಾರ್ಖಾನೆ ದಿನಕ್ಕೆ ಎಷ್ಟು ನುರಿಸಬಲ್ಲದೋ ಅದಕ್ಕಿಂತ ಹೆಚ್ಚಿಗೆ ಕಟಾವಿನ ಪರ್ಮಿಟ್ ಹೊರಟರೆ ಪಾಳಿ ಬೆಳೆಯಲೇಬೇಕು. ಮಿಲ್ಲು ನಿಂತಾಗಲಂತೂ ಒಳಗಿನವರಿಗೆ ಅದು ಕೂಡಲೇ ಗೊತ್ತಿರುತ್ತದೆ, ಆದರೆ ಕಟಾವಿನ ಗ್ಯಾಂಗಿಗೆ ಯಾರೂ ಹೇಳುವುದಿಲ್ಲ. ಅವರು ಬೆಳಗ್ಗೆ ಎದ್ದು ಮತ್ತೊಂದು ಹೊಲ ಕಡಿದು ಮಲಗಿಸಿರುತ್ತಾರೆ. ಮಿಲ್ಲಿನ ಬೇರಿಂಗ್ ಮತ್ತು ಮೋಟರುಗಳ ಕಂಪನವನ್ನೂ ಬಿಸಿಯನ್ನೂ ಅಳೆದು, ಕೆಡುವ ಮುನ್ನ ಎಚ್ಚರಿಸುವ ಪದ್ಧತಿಗಳು ಇಂದು ಬಳಕೆಯಲ್ಲಿವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ಸ್ಪಷ್ಟತೆಯ ಚಿತ್ರಗಳನ್ನು ಸುಮಾರು 5 ದಿನಕ್ಕೊಮ್ಮೆ ಉಚಿತವಾಗಿ ಕೊಡುತ್ತವೆ. ಮೋಡವಿಲ್ಲದ ಹಂಗಾಮಿನ ದಿನಗಳಲ್ಲಿ ಅವುಗಳಿಂದ ಯಾವ ಹೊಲ ಮಾಗಿದೆ, ಯಾವುದು ಕಟಾವಾಗಿದೆ ಎಂದು ತಿಳಿಯಬಹುದು. ಇವೆರಡನ್ನೂ ಯಾರ್ಡಿನಲ್ಲಿ ನಿಂತ ಗಾಡಿಗಳ ಲೆಕ್ಕದೊಂದಿಗೆ ಕೂಡಿಸಿ ಮರುದಿನದ ಪರ್ಮಿಟ್ ನಿರ್ಧರಿಸಿದರೆ, ಮತ್ತು ‘ಇಂದು ಕಡಿಯಬೇಡಿ’ ಎಂಬ ಸುದ್ದಿಯನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಧ್ವನಿಸಂದೇಶವಾಗಿ ಗ್ಯಾಂಗಿನ ಮುಖ್ಯಸ್ಥನಾದ ಮುಕಾದಮನಿಗೆ ಕಳಿಸಿದರೆ, ನಿಮ್ಮ ಎರಡು ದಿನಗಳು ಕೆಲವು ಗಂಟೆಗಳಿಗೆ ಇಳಿಯಲು ಸಾಧ್ಯ. ಧ್ವನಿಸಂದೇಶವೇ ಏಕೆಂದರೆ ಹೊಲದಲ್ಲಿ ಬಿಸಿಲಿಗೆ ನಿಂತು ಆ್ಯಪ್ ತೆರೆದು ಓದುವ ಪರಿಸ್ಥಿತಿ ಅವರದಲ್ಲ.

ನೀವು ಮತ್ತು ರೈತರು ಕೂಡಿ ಕಾರ್ಖಾನೆಯ ಮುಂದಿಡಬಹುದಾದ ಸರಳ ಬೇಡಿಕೆಯೊಂದಿದೆ: ಯಾರ್ಡಿನಲ್ಲಿರುವ ಗಾಡಿಗಳ ಸಂಖ್ಯೆ, ಟೋಕನ್ ನಂಬರ್ ಮತ್ತು ಈಗ ಕಾಟಾದ ಮೇಲಿರುವ ನಂಬರ್ ಎಲ್ಲರಿಗೂ ಮೊಬೈಲಿನಲ್ಲಿ ಕಾಣಬೇಕು. ಪಾಳಿ ಮುರಿದು ಯಾರ ಗಾಡಿ ಒಳಗೆ ಹೋಯಿತು ಎಂಬುದೂ ಆಗ ಮುಚ್ಚಿಡಲಾಗದು.

ಪ್ರಶ್ನೆ: ವಿಜಯಪುರದಿಂದ ಒಣದ್ರಾಕ್ಷಿ ಕಳಿಸುತ್ತೇವೆ. ಲಾರಿ ಗೋದಾಮಿನ ಹೊರಗೆ ಕಾಯುತ್ತಿರುವಾಗಲೇ ಇ-ವೇ ಬಿಲ್ಲಿನ ಅವಧಿ ಮುಗಿದರೆ?

ಉತ್ತರ: ಸಾಮಾನ್ಯ ಸರಕಿಗೆ 200 ಕಿಲೊಮೀಟರಿಗೆ ಒಂದು ದಿನದಂತೆ ಅವಧಿ ಸಿಗುತ್ತದೆ, ಮತ್ತು ಮೊದಲ ದಿನವು ಮರುದಿನದ ಮಧ್ಯರಾತ್ರಿಗೆ ಮುಗಿಯುತ್ತದೆ. ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ 8 ಗಂಟೆ ನಂತರದವರೆಗೆ ಕಾರಣ ನಮೂದಿಸಿ ವಿಸ್ತರಿಸಿಕೊಳ್ಳಬಹುದು. ಟ್ರಾನ್ಸ್‌ಪೋರ್ಟಿನವರೇ ಇದನ್ನು ಮಾಡಬಹುದು. ಈ ಹದಿನಾರು ಗಂಟೆಗಳು ಬಹುಪಾಲು ರಾತ್ರಿಯಲ್ಲಿಯೇ ಬರುವುದರಿಂದ, ಮರೆಯದಂತೆ ಎಚ್ಚರಿಸುವ ಒಂದು ವ್ಯವಸ್ಥೆ ಬೇಕು. ಲಾರಿ ಎಲ್ಲಿದೆ, ಮುಂದೆ ಎಷ್ಟು ಪಾಳಿ ಇದೆ ಎಂಬುದನ್ನು ನೋಡಿ ‘ಇಂದು ಇಳಿಯುವುದು ಅನುಮಾನ’ ಎಂದು ಸಂಜೆಯೇ ತಿಳಿಸುವ ಕೆಲಸವನ್ನು ಸಾಫ್ಟ್‌ವೇರ್ ಚೆನ್ನಾಗಿ ಮಾಡುತ್ತದೆ. ವಿಸ್ತರಿಸುವ ಬಟನ್ನನ್ನು ಮಾತ್ರ ಮನುಷ್ಯರೇ ಒತ್ತಲಿ.

ಪ್ರಶ್ನೆ: ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜೊಂದರ ಕೊನೆಯ ವರ್ಷದ ವಿದ್ಯಾರ್ಥಿನಿ ನಾನು. ನಮ್ಮ ತಂದೆ ಲಾರಿ ಡ್ರೈವರ್. ಕಾಯುವ ವೇಳೆಯನ್ನು ಮುಂಚಿತವಾಗಿ ಹೇಳುವ ಪ್ರಾಜೆಕ್ಟ್ ಮಾಡಬೇಕೆಂದಿದ್ದೇನೆ. ಮಾರ್ಗದರ್ಶನ ಮಾಡಿ.

ಉತ್ತರ: ತಂಗಿ, ಈ ಆಯ್ಕೆ ನನಗೆ ಬಹಳ ಸಂತೋಷ ಕೊಟ್ಟಿತು. ದೊಡ್ಡ ನ್ಯೂರಲ್ ನೆಟ್‌ವರ್ಕಿನಿಂದ ಆರಂಭಿಸಬೇಡ. ‘ಈ ಗೇಟಿನಲ್ಲಿ, ಈ ವಾರದ ದಿನ, ಈ ಹೊತ್ತಿಗೆ ಬಂದವರು ಸರಾಸರಿ ಇಷ್ಟು ಕಾದಿದ್ದಾರೆ’ ಎಂಬ ಸರಳ ಕೋಷ್ಟಕವನ್ನು ಮೊದಲು ಮಾಡು. ನಿನ್ನ ಮಾದರಿ ಅದನ್ನು ಸೋಲಿಸದಿದ್ದರೆ ಅದರಿಂದ ಪ್ರಯೋಜನವಿಲ್ಲ. ಇಂಥ ಕೋಷ್ಟಕರೂಪದ ಮಾಹಿತಿಗೆ ಗ್ರೇಡಿಯಂಟ್ ಬೂಸ್ಟಿಂಗ್ (ಹಿಂದಿನ ಊಹೆಯ ತಪ್ಪನ್ನು ಮುಂದಿನದು ತಿದ್ದುವಂತೆ ಅನೇಕ ಸಣ್ಣ ಮಾದರಿಗಳನ್ನು ಕೂಡಿಸುವ) ಪದ್ಧತಿಗಳು ಸಾಮಾನ್ಯವಾಗಿ ಚೆನ್ನಾಗಿ ಹೊಂದುತ್ತವೆ.

ಪರೀಕ್ಷಿಸುವಾಗ ದಾಖಲೆಗಳನ್ನು ಕಲಸಿ ಎರಡು ಪಾಲು ಮಾಡಬಾರದು; ಮೊದಲ ತಿಂಗಳುಗಳಿಂದ ಕಲಿಸಿ ನಂತರದ ತಿಂಗಳುಗಳ ಮೇಲೆ ಪರೀಕ್ಷಿಸಬೇಕು. ಲಾರಿ ಬಂದ ಗಳಿಗೆಯಲ್ಲಿ ತಿಳಿದಿರದ ಯಾವ ಮಾಹಿತಿಯನ್ನೂ ಕೊಡಬಾರದು. ಹೊರಗೆ ಹೋಗುವಾಗಿನ ತೂಕವೋ ಗೇಟ್‌ಪಾಸಿನ ಕ್ರಮಸಂಖ್ಯೆಯೋ ಅಪ್ಪಿತಪ್ಪಿ ಸೇರಿಕೊಂಡರೆ ಫಲಿತಾಂಶ ಅದ್ಭುತವಾಗಿ ಕಾಣುತ್ತದೆ, ಗೇಟಿನಲ್ಲಿ ಮಾತ್ರ ಕೆಲಸಕ್ಕೆ ಬರುವುದಿಲ್ಲ. ಪಾಳಿಯ ಉದ್ದ ಎಲ್ಲಕ್ಕಿಂತ ಬೆಲೆಯುಳ್ಳ ಮಾಹಿತಿ, ಅದನ್ನು ಹೇಗಾದರೂ ಸಂಪಾದಿಸು. ಸರಾಸರಿ ಕಾಯುವ ವೇಳೆಯನ್ನು ಲಾರಿಗಳು ಬರುವ ವೇಗದಿಂದ ಗುಣಿಸಿದರೆ ಪಾಳಿಯ ಸರಾಸರಿ ಉದ್ದ ಬರುತ್ತದೆ ಎಂಬುದನ್ನು ಅಮೆರಿಕದ ವಿದ್ವಾಂಸ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದರು. ನಿನ್ನ ದಾಖಲೆಗಳಲ್ಲಿ ಈ ಎರಡೂ ತಾಳೆಯಾಗದಿದ್ದರೆ ಯಾರೋ ವೇಳೆಯನ್ನು ತಪ್ಪು ಬರೆದಿದ್ದಾರೆ ಎಂದು ತಿಳಿ. ಮಾಹಿತಿಗಾಗಿ ಕಂಪನಿಗಳ ಬಾಗಿಲು ತಟ್ಟುವುದಕ್ಕೆ ಮುಂಚೆ ತಂದೆಯವರನ್ನೂ ಅವರ ಸಂಗಡಿಗರನ್ನೂ ಕೇಳು. ಯಾವ ಗೇಟಿನಲ್ಲಿ ಊಟದ ಬಿಡುವು ಎಷ್ಟು ಹೊತ್ತು, ಯಾವ ಶಿಫ್ಟಿನ ಸೂಪರ್‌ವೈಸರ್ ಬಂದರೆ ಕೆಲಸ ಬೇಗ ಸಾಗುತ್ತದೆ ಎಂಬುದನ್ನು ಅವರಷ್ಟು ನಿಖರವಾಗಿ ಹೇಳಬಲ್ಲವರು ಬೇರೆ ಯಾರೂ ಇಲ್ಲ.

ಪ್ರಶ್ನೆ: ಮಾಲೀಕರು ನನ್ನ ಮೊಬೈಲಿನಲ್ಲಿ ಲೊಕೇಶನ್ ಆ್ಯಪ್ ಹಾಕಿಸಿದ್ದಾರೆ. ಮನೆಗೆ ಹೋದಾಗಲೂ ಅದು ಆನ್ ಇರುತ್ತದೆ. ಬೇಡವೆನ್ನಬಹುದೇ? (ಡ್ರೈವರ್, ಇಂಡಿ)

ಉತ್ತರ: ಟ್ರಿಪ್ಪಿನ ಹೊರಗೆ ಬೇಡವೆಂದು ನೀವು ಧಾರಾಳವಾಗಿ ಕೇಳಬಹುದು, ಮಾಲೀಕರೂ ಒಪ್ಪಬೇಕು. ಕಾಯುವ ವೇಳೆಯನ್ನು ಅಳೆಯಲು ಬೇಕಾಗಿರುವುದು ಲಾರಿ ಎಲ್ಲಿದೆ ಎಂಬ ಮಾಹಿತಿ. ನೀವು ಎಲ್ಲಿದ್ದೀರಿ ಎಂಬುದಲ್ಲ. ಗಾಡಿಗೇ ಜಿಪಿಎಸ್ ಕೂಡಿಸಿದರೆ ನಿಮ್ಮ ಮೊಬೈಲಿನ ಅಗತ್ಯವೇ ಬೀಳುವುದಿಲ್ಲ. ಯಾವ ಉದ್ದೇಶಕ್ಕೆ ಮಾಹಿತಿ ಪಡೆಯಲಾಗುತ್ತದೆಯೋ ಅದಕ್ಕೆ ಬೇಕಾದಷ್ಟನ್ನೇ ಪಡೆಯಬೇಕು ಎಂಬ ತತ್ವವನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪುತ್ತದೆ. ಸದ್ಯಕ್ಕೆ ಆ್ಯಪನ್ನೇ ಬಳಸಬೇಕಾಗಿದ್ದರೆ, ಟ್ರಿಪ್ ಆರಂಭಿಸುವಾಗ ಆನ್ ಮಾಡಿ ಗಾಡಿಯನ್ನು ಒಪ್ಪಿಸಿದ ಮೇಲೆ ಆಫ್ ಮಾಡುವುದೆಂದು ಮಾತಾಡಿಕೊಳ್ಳಿ. ಆ ದಾಖಲೆಯ ಒಂದು ಪ್ರತಿ ನಿಮಗೂ ಸಿಗಬೇಕೆಂದು ಅದೇ ಸಂದರ್ಭದಲ್ಲಿ ಕೇಳಿ. ಮಾಲಿನವರಿಂದ ಹಾಲ್ಟಿಂಗ್ ಹಣ ಬಂದಾಗ, ಆ ಗಂಟೆಗಳನ್ನು ಗೇಟಿನ ಮುಂದೆ ಕಳೆದವರು ನೀವೆಂದು ತೋರಿಸಿ ನಿಮ್ಮ ಭತ್ಯೆ ಕೇಳಲು ಅದೇ ಆಧಾರವಾಗುತ್ತದೆ.